ಕಪ್ಪು-ಬಿಳುಪು ಪ್ರಿಂಟ್: ಕಾಗದದ ಆಯ್ಕೆ ಮತ್ತು ಟೋನಿಂಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡಾರ್ಕ್‌ರೂಮಿಗೆ ಹೊಸದಾಗಿ ಕಾಲಿಟ್ಟವರು ಮೊದಲು ಕೇಳುವುದು "ಯಾವ ಕಾಗದ ತರಲಿ?" ಎಂದು. ಆರು ತಿಂಗಳಾದ ಮೇಲೆ ಅವರೇ ಬಂದು "ಯಾವ ಟೋನರ್ ತರಲಿ?" ಎನ್ನುತ್ತಾರೆ. ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದರಲ್ಲೇ ಅಡಗಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ಒಂದು ಬಾಟಲಿ ಸೆಲೆನಿಯಂ ಖಾಲಿಯಾಗಿತ್ತು. ಟೋನರ್ ಎಂದರೆ ಪ್ರಿಂಟಿನ ಬಣ್ಣ ಬದಲಿಸುವ ದ್ರಾವಣ, ಸೆಲೆನಿಯಂ ಅಂಥದ್ದೊಂದು; ಅದು ಕಾಗದದಲ್ಲಿರುವ ಬೆಳ್ಳಿಯೊಡನೆ ಕೂಡಿ ಬಣ್ಣ ತಳೆಯುತ್ತದೆ. ಆ ಬೆಳ್ಳಿಯ ಗುಣ ಎಂಥದ್ದು ಎಂಬುದು ಕಾಗದ ಕೊಂಡ ದಿನವೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕಡೆ ಉತ್ತರಿಸಿದ್ದೇನೆ.

ಮೊದಲ ಪೆಟ್ಟಿಗೆಗೆ ಯಾವ ಕಾಗದ ಕೊಳ್ಳಲಿ?

8x10 ಇಂಚಿನ, ಹೊಳಪು ಮೈಯ, ಮಲ್ಟಿಗ್ರೇಡ್ ಆರ್‌ಸಿ (ರೆಸಿನ್ ಕೋಟೆಡ್) ಕಾಗದ; ಎರಡೂ ಪದಗಳ ಅರ್ಥ ಮುಂದಿದೆ. ಇದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. 20 ಡಿಗ್ರಿಯ ಡೆವಲಪರ್‌ನಲ್ಲಿ 1 ನಿಮಿಷಕ್ಕೆ ಚಿತ್ರ ಪೂರ್ತಿ ಮೂಡುತ್ತದೆ, ಹೊಸ ರ‍್ಯಾಪಿಡ್ ಫಿಕ್ಸರ್‌ನಲ್ಲಿ ಚಿತ್ರ ಬೆಳಕಿಗೆ ಕೆಡದಂತೆ ನೆಲೆನಿಲ್ಲಲು ಅರ್ಧ ನಿಮಿಷ ಸಾಕು, ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿದರೆ ಅರ್ಧ ಗಂಟೆಯಲ್ಲಿ ಸಪಾಟಾಗಿ ಒಣಗಿರುತ್ತದೆ. ಒಂದು ಸಂಜೆಯಲ್ಲಿ ಹತ್ತು ಪ್ರಿಂಟ್ ಹಾಳುಮಾಡಿ ಹನ್ನೊಂದನೆಯದನ್ನು ಸರಿಯಾಗಿ ತೆಗೆಯಬಹುದು. ಕಲಿಯುವವನಿಗೆ ಬೇಕಾದದ್ದು ಆ ಹತ್ತು ಅವಕಾಶ. 5x7 ಅಗ್ಗವೆಂದು ಕೊಳ್ಳುವವರಿದ್ದಾರೆ; ಆ ಅಳತೆಯಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕಲಿಕೆಯೂ ನಿಧಾನ.

ಆರ್‌ಸಿ, ಫೈಬರ್ ಎಂದರೇನು? ಫೈಬರ್ ನಿಜಕ್ಕೂ ಮೇಲೇ?

ಫೈಬರ್ ಎಂದರೆ ನಿಜವಾದ ಕಾಗದ. ಅದರ ಮೇಲೆ ಬರೈಟಾ, ಅಂದರೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ; ಅದರ ಮೇಲೆ ಬೆಳ್ಳಿಯ ಲವಣ ಬೆರೆತ ಜಿಲೆಟಿನ್. ಆರ್‌ಸಿಯಲ್ಲಿ ಕಾಗದದ ಎರಡೂ ಬದಿಗೆ ಪಾಲಿಥೀನ್ ಹೊದಿಕೆ ಇರುವುದರಿಂದ ಒಳಗಿನ ನಾರಿಗೆ ನೀರಾಗಲಿ ರಾಸಾಯನಿಕವಾಗಲಿ ಇಳಿಯುವುದಿಲ್ಲ. ಬೇಗ ತೊಳೆಯುವುದಕ್ಕೂ ಬೇಗ ಒಣಗುವುದಕ್ಕೂ ಅದೇ ಕಾರಣ.

ಫೈಬರ್ ಕಾಗದ ಹೈಪೋವನ್ನು, ಅಂದರೆ ಫಿಕ್ಸರಿನ ರಾಸಾಯನಿಕವನ್ನು, ಬಟ್ಟೆಯಂತೆ ಹೀರಿಕೊಳ್ಳುತ್ತದೆ. ಬರೀ ನೀರಿನಲ್ಲಿ ತೊಳೆದರೆ 1 ಗಂಟೆ ಬೇಕು. ತಿಂಗಳಿಗೆರಡು ಬಾರಿ ಟ್ಯಾಂಕರ್ ತರಿಸುವ ಬೆಂಗಳೂರಿನ ಮನೆಯಲ್ಲಿ ನಲ್ಲಿ ತಿರುಗಿಸಿ 1 ಗಂಟೆ ಬಿಟ್ಟರೆ ಮನೆಯವರು ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ಸಮೇತ ಹೊರಗೆ ಹಾಕುತ್ತಾರೆ. ನಾನು ಮಾಡುವುದು ಹೀಗೆ: 5 ನಿಮಿಷ ತೊಳೆದು, ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ 10 ನಿಮಿಷ ಅಲುಗಿಸಿ, ಆಮೇಲೆ ಟ್ರೇಯಲ್ಲಿ ಐದೈದು ನಿಮಿಷಕ್ಕೆ ಒಮ್ಮೆಯಂತೆ ಆರು ಬಾರಿ ನೀರು ಬದಲಿಸುವುದು. ನಲ್ಲಿ ಸುಮ್ಮನೆ ಹರಿಯಬೇಕಾಗಿಲ್ಲ, ಆ ನೀರು ಗಿಡಕ್ಕೆ ಬೇಡ, ನೆಲ ತೊಳೆಯಲು ಆದೀತು.

ಮೇಲೇ ಎಂದರೆ: ಫೈಬರ್ ಪ್ರಿಂಟಿನ ಕಪ್ಪಿನಲ್ಲಿ ಆಳ ಕಾಣುತ್ತದೆ, ಕೈಯಲ್ಲಿ ಹಿಡಿದಾಗ ತೂಕವಿರುತ್ತದೆ, ಟೋನರಿಗೆ ಚೆನ್ನಾಗಿ ಒಗ್ಗುತ್ತದೆ. 1970ರ ದಶಕದ ಆರ್‌ಸಿ ಕಾಗದಗಳ ಹೊದಿಕೆಯಲ್ಲಿದ್ದ ಟೈಟಾನಿಯಂ ಡೈಆಕ್ಸೈಡ್ ಬೆಳಕಿಗೆ ಕೆರಳಿ ಬೆಳ್ಳಿಯನ್ನೇ ಕೆಡಿಸುತ್ತಿತ್ತು. ಚೌಕಟ್ಟಿನೊಳಗಿನ ಚಿತ್ರಗಳ ಮೇಲೆ ಕಂಚಿನ ಮಿರುಗು, ಬಿರುಕು ಕಾಣಿಸಿಕೊಂಡವು. ತಯಾರಕರು ಬಳಿಕ ಅದನ್ನು ಬಹುಮಟ್ಟಿಗೆ ಸರಿಪಡಿಸಿದರೂ ಹೆಸರು ಕೆಟ್ಟದ್ದು ಕೆಟ್ಟಿತು. ಗೋಡೆಗೆ ತೂಗುಹಾಕುವ ಆರ್‌ಸಿ ಪ್ರಿಂಟನ್ನು ಟೋನ್ ಮಾಡದೆ ಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆಲ್ಬಮ್ಮಿಗೆ, ಸ್ನೇಹಿತರಿಗೆ ಕೊಡಲು ಆರ್‌ಸಿ. ವರ್ಷಕ್ಕೆ ನಾಲ್ಕೈದು ಚಿತ್ರ ಮಾತ್ರ ಫೈಬರ್.

ಫೈಬರ್ ಪ್ರಿಂಟ್ ಒಣಗಿದ ಮೇಲೆ ಹಪ್ಪಳದಂತೆ ಸುರುಳಿಯಾಗುತ್ತದೆ. ಏನು ಮಾಡಲಿ?

ಒದ್ದೆ ಪ್ರಿಂಟನ್ನು ಮುಖ ಮೇಲಾಗಿ ಗಾಜಿನ ಮೇಲಿಟ್ಟು, ನೀರು ಒರೆಸಿ, ನಾಲ್ಕೂ ಅಂಚಿಗೆ ಒದ್ದೆ ಮಾಡಿ ಅಂಟಿಸುವ ಕಂದು ಕಾಗದದ ಟೇಪು ಹಾಕಿ. ಒಣಗುವಾಗ ಅದು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಮರುದಿನ ಬ್ಲೇಡಿನಿಂದ ಅಂಚು ಕತ್ತರಿಸಿ. ಹಳೆಯ ಸ್ಟುಡಿಯೋಗಳಲ್ಲಿ ಹೊಳೆಯುವ ಗ್ಲೇಜಿಂಗ್ ಪ್ಲೇಟಿಗೆ ಮುಖ ಒತ್ತಿ ಬಿಸಿಯಲ್ಲಿ ಒಣಗಿಸುತ್ತಿದ್ದರು. ಆ ಕನ್ನಡಿ ಹೊಳಪು ಇಂದಿನ ಕಣ್ಣಿಗೆ ಹಿಡಿಸುವುದಿಲ್ಲ. ಅದಲ್ಲದೆ ಪ್ಲೇಟಿನ ಮೇಲೆ ಒಂದು ಕಣ ದೂಳು ಇದ್ದರೂ ಅಜ್ಜಿಯ ಕೆನ್ನೆಯ ಮೇಲೆ ಸಿಡುಬಿನ ಕಲೆ ಗ್ಯಾರಂಟಿ.

ಗ್ರೇಡ್ ಕಾಗದ ಬೇಕೋ, ಮಲ್ಟಿಗ್ರೇಡ್ ಬೇಕೋ?

ಮಲ್ಟಿಗ್ರೇಡ್. ಹಿಂದೆ 2, 3, 4 ಎಂದು ನಂಬರಿನ ಪ್ಯಾಕೆಟ್‌ಗಳನ್ನು ಬೇರೆ ಬೇರೆ ಕೊಂಡಿಡಬೇಕಿತ್ತು. ನೆಗೆಟಿವ್ ಸಪ್ಪೆಯಾಗಿದ್ದರೆ 4, ಗಡುಸಾಗಿದ್ದರೆ 1. ಇಂಗ್ಲೆಂಡಿನ ಇಲ್ಫೋರ್ಡ್ ಕಂಪನಿ 1940ರಲ್ಲಿ ಮಲ್ಟಿಗ್ರೇಡ್ ತಂದ ಮೇಲೆ ಒಂದೇ ಬಗೆಯ ಹಾಳೆಯಲ್ಲಿ ಎಲ್ಲ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ನಡುವಿನ ಅಂತರ, ಸಿಗುವಂತಾಯಿತು. ಇದರ ಲೇಪದಲ್ಲಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುವ ಕಣಗಳೂ, ಹಸಿರಿಗೂ ಸ್ಪಂದಿಸುವ ಕಣಗಳೂ ಬೆರೆತಿರುತ್ತವೆ. ಎನ್‌ಲಾರ್ಜರಿಗೆ ಮೆಜೆಂಟಾ ಫಿಲ್ಟರ್ ಹಾಕಿದರೆ ಹಸಿರು ತಡೆದು ಕಾಂಟ್ರಾಸ್ಟ್ ಏರುತ್ತದೆ, ಹಳದಿ ಹಾಕಿದರೆ ಇಳಿಯುತ್ತದೆ. ಇಲ್ಫೋರ್ಡಿನ ಫಿಲ್ಟರ್ ಕಟ್ಟಿನಲ್ಲಿ 00ರಿಂದ 5ರವರೆಗೆ ಅರ್ಧರ್ಧ ಹೆಜ್ಜೆಯ 12 ಇರುತ್ತವೆ. 3½ರವರೆಗೆ ಎಕ್ಸ್‌ಪೋಷರ್, ಅಂದರೆ ಬೆಳಕು ಕೊಡುವ ಸಮಯ, ಒಂದೇ. 4ಕ್ಕೆ ಹೋದೊಡನೆ ಸಮಯ ಇಮ್ಮಡಿ ಮಾಡಬೇಕು. ಇದನ್ನು ಮರೆತು ತೆಳು ಪ್ರಿಂಟ್ ತೆಗೆದು ಕಾಗದವನ್ನು ಬೈಯುವವರ ಸಂಖ್ಯೆ ಕಡಿಮೆಯಲ್ಲ. ನಾನೂ ಬೈದಿದ್ದೇನೆ.

ವಾರ್ಮ್‌ಟೋನ್, ನ್ಯೂಟ್ರಲ್, ಕೂಲ್‌ಟೋನ್: ಈ ಬಣ್ಣ ಎಲ್ಲಿಂದ ಬರುತ್ತದೆ?

ಬೆಳ್ಳಿಯ ಕಣದ ಗಾತ್ರದಿಂದ. ಇದೊಂದನ್ನು ಅರ್ಥಮಾಡಿಕೊಂಡರೆ ಟೋನಿಂಗಿನ ಅರ್ಧ ಪಾಠ ಮುಗಿಯಿತು.

ಡೆವಲಪ್ ಆದ ಬೆಳ್ಳಿ ದಪ್ಪ ಗೊಂಚಲಾಗಿದ್ದರೆ ಕಣ್ಣಿಗೆ ತಣ್ಣನೆಯ ಕಪ್ಪು. ಕಣ ಸಣ್ಣದಾದಷ್ಟೂ ಕಪ್ಪು ಕಂದಿನ ಕಡೆ ವಾಲುತ್ತದೆ. ಸಿಲ್ವರ್ ಬ್ರೋಮೈಡ್ ಹೆಚ್ಚಿರುವ ಕಾಗದ ನ್ಯೂಟ್ರಲ್ ಅಥವಾ ತಣ್ಣಗಿರುತ್ತದೆ. ಕ್ಲೋರೈಡ್ ಹೆಚ್ಚು ಬೆರೆಸಿದ ಕ್ಲೋರೋಬ್ರೋಮೈಡ್ ಕಾಗದದಲ್ಲಿ ಕಣ ಸಣ್ಣದು, ಬಣ್ಣ ಬೆಚ್ಚಗೆ. ನಮ್ಮ ಊರುಗಳ ಸ್ಟುಡಿಯೋದವರು ಎಲ್ಲವನ್ನೂ ಸಾರಾಸಗಟಾಗಿ "ಬ್ರೋಮೈಡ್" ಎನ್ನುತ್ತಿದ್ದುದು ಈ ಮೊದಲ ಬಗೆಯ ಹೆಸರು.

ಸಣ್ಣ ಕಣಕ್ಕೆ ತೂಕದ ಲೆಕ್ಕದಲ್ಲಿ ಮೇಲ್ಮೈ ಹೆಚ್ಚು. ಟೋನರ್ ಕೆಲಸ ಮಾಡುವುದು ಆ ಮೇಲ್ಮೈಯಲ್ಲಿ. ಹಾಗಾಗಿ ಇಲ್ಫೋರ್ಡಿನ ಮಲ್ಟಿಗ್ರೇಡ್ ವಾರ್ಮ್‌ಟೋನ್ ಫೈಬರ್ ಅಥವಾ ಝೆಕ್ ದೇಶದ ಫೋಮಾ ಕಂಪನಿಯ ಫೋಮಾಟೋನ್ ಅನ್ನು ಸೆಲೆನಿಯಂಗೆ ಇಳಿಸಿದರೆ ಕೆಲವೇ ನಿಮಿಷಗಳಲ್ಲಿ ಬದನೆಕಾಯಿಯ ಸಿಪ್ಪೆಯ ಕಡೆಗೋ ಕೆಂಗಂದಿನ ಕಡೆಗೋ ಹೊರಳುತ್ತದೆ. ಅದೇ ಟ್ರೇಗೆ ನ್ಯೂಟ್ರಲ್ ಆರ್‌ಸಿ ಕಾಗದ ಹಾಕಿ ನಿಂತರೆ ಕಾಲು ನೋಯುತ್ತದೆ, ಬಣ್ಣ ಅಲ್ಲಾಡುವುದಿಲ್ಲ. ನನ್ನ ಖಾಲಿಯಾದ ಬಾಟಲಿಯ ಕಥೆ ಇದೇ: ಸೆಲೆನಿಯಂ ಕೆಟ್ಟಿದೆ ಎಂದು ಗಾಢ ಮಾಡುತ್ತಾ ಹೋದೆ, ತಪ್ಪಿದ್ದದ್ದು ಕಾಗದದ ಆಯ್ಕೆಯಲ್ಲಿ.

ಕಂದು ಬೇಕೆಂದಿದ್ದರೆ ಮೊದಲೇ ವಾರ್ಮ್‌ಟೋನ್ ಕಾಗದ ತನ್ನಿ. ಕಪ್ಪು ಕಪ್ಪಾಗಿಯೇ ಉಳಿದು ಇನ್ನಷ್ಟು ಆಳವಾಗಬೇಕು ಎಂದಿದ್ದರೆ ನ್ಯೂಟ್ರಲ್ ತನ್ನಿ. ಗ್ರಾನೈಟ್ ಬಂಡೆ, ಮಳೆ, ರೈಲು ನಿಲ್ದಾಣಕ್ಕೆ ನಾನು ನ್ಯೂಟ್ರಲ್. ಮುಖ, ಹಂಚಿನ ಮನೆ, ಮರದ ಕಂಬಕ್ಕೆ ವಾರ್ಮ್‌ಟೋನ್. ಇದು ಶಾಸ್ತ್ರವಲ್ಲ, ನನ್ನ ಚಾಳಿ.

ಹೊಳಪೋ, ಮ್ಯಾಟೋ?

ಮ್ಯಾಟ್ ಮೈ ಬೆಳಕನ್ನು ಚೆದುರಿಸುವುದರಿಂದ ಅದರ ಕಪ್ಪು ಕಪ್ಪಾಗುವುದಿಲ್ಲ, ಇದ್ದಿಲ ಬೂದಿಯಾಗುತ್ತದೆ. ಟ್ರೇಯಲ್ಲಿ ಒದ್ದೆಯಾಗಿದ್ದಾಗ ಎಲ್ಲವೂ ಚೆಂದ. ಒಣಗಿದ ಮೇಲೆ ಅಳು ಬರುತ್ತದೆ. ಹೊಳಪು ಮೈಯ ಫೈಬರನ್ನು ಗಾಳಿಗೆ ಒಣಗಿಸಿದರೆ ಬರುವ ಮೆಲುಹೊಳಪೇ ನನಗೆ ಇಷ್ಟ.

ಒದ್ದೆಯಾಗಿದ್ದಾಗ ಸರಿಯಾಗಿದ್ದ ಪ್ರಿಂಟ್ ಒಣಗಿದ ಮೇಲೆ ಕಪ್ಪಾಗುವುದೇಕೆ?

ಜಿಲೆಟಿನ್ ಕುಗ್ಗಿ ಬೆಳ್ಳಿ ಒತ್ತಾಗುತ್ತದೆ. ಫೈಬರ್ ಕಾಗದದಲ್ಲಿ ಇದು ಎದ್ದು ಕಾಣುತ್ತದೆ. ಒದ್ದೆ ಪ್ರಿಂಟ್ ನೋಡಿ ಮೆಚ್ಚಿದ ಎಕ್ಸ್‌ಪೋಷರ್‌ನಿಂದ ಶೇ. 8ರಷ್ಟು ಕಳೆಯಿರಿ, ಆಮೇಲೆ ನಿಮ್ಮ ಕಾಗದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಅಟ್ಟದ ಮೇಲೆ ಹಳೆಯ "ಇಂದು" ಕಾಗದದ ಪ್ಯಾಕೆಟ್ ಸಿಕ್ಕಿದೆ. ಬಳಸಬಹುದೇ?

ಇಂದು ಎಂಬುದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಮುದ್ರೆ. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಉದ್ಯಮ 1967ರಲ್ಲಿ ಉತ್ಪಾದನೆ ಆರಂಭಿಸಿತು. ಈಗ ಬಾಗಿಲು ಮುಚ್ಚಿದೆ. ನಿಮ್ಮ ಪ್ಯಾಕೆಟ್ ಎಷ್ಟೇ ಜೋಪಾನವಾಗಿದ್ದರೂ ಹಳೆಯದೇ. ಸೇಫ್‌ಲೈಟಿನಲ್ಲಿ (ಕಾಗದವನ್ನು ಕೆಡಿಸದ ಮಂದ ಬಣ್ಣದ ಬೆಳಕಿನಲ್ಲಿ) ಒಂದು ಹಾಳೆ ತೆಗೆದು ಅರ್ಧಕ್ಕೆ ಕತ್ತರಿಸಿ. ಒಂದನ್ನು ಬೆಳಕು ತೋರಿಸದೆ ನೇರ ಫಿಕ್ಸರಿಗೆ, ಇನ್ನೊಂದನ್ನು ಡೆವಲಪ್ ಮಾಡಿ ಫಿಕ್ಸರಿಗೆ ಹಾಕಿ. ಎರಡನೆಯದು ಬೂದುಬಣ್ಣಕ್ಕೆ ತಿರುಗಿದರೆ ಫಾಗ್ ಹಿಡಿದಿದೆ, ಅಂದರೆ ಚಿತ್ರದ ಬೆಳಕು ಬೀಳದೆಯೇ ಕಾಗದ ಮಂಕಾಗಿದೆ ಎಂದು ಅರ್ಥ. ಸ್ವಲ್ಪ ಫಾಗ್ ಇದ್ದರೆ ಡೆವಲಪರ್‌ಗೆ ಬೆಂಜೋಟ್ರಯಜೋಲ್ ಸೇರಿಸಿ ಹತ್ತಿಕ್ಕಬಹುದು. ಪೂರ್ತಿ ಬೂದಿಯಾಗಿದ್ದರೆ ಬಿಸಿಲಲ್ಲಿ ಎಲೆ ಇಟ್ಟು ಛಾಪು ತೆಗೆಯುವ ಆಟಕ್ಕೆ ಮಕ್ಕಳಿಗೆ ಕೊಡಿ. ಆಟ ಮುಗಿದ ಮೇಲೆ ಕೈ ತೊಳೆಸಿ.

ಹೊಸ ಕಾಗದವೆಂದರೆ ಈಗ ಹೊರದೇಶದ್ದೇ. ಕೊಡಾಕ್ 2005ರಲ್ಲಿ ಕಪ್ಪು-ಬಿಳುಪು ಕಾಗದ ನಿಲ್ಲಿಸಿತು. ಅದೇ ವರ್ಷ ಆಗ್ಫಾಫೋಟೋ ದಿವಾಳಿಯಾಯಿತು. ಇಂಗ್ಲೆಂಡಿನ ಮೊಬರ್ಲಿಯಲ್ಲಿ ಹಾರ್ಮನ್ ಸಂಸ್ಥೆ ಇಲ್ಫೋರ್ಡ್ ಹೆಸರಿನಲ್ಲಿ ತಯಾರಿಸುವುದು ಮತ್ತು 1921ರಿಂದ ಇರುವ ಫೋಮಾದ್ದು ಇವೆರಡೇ ಸುಲಭವಾಗಿ ಕೈಗೆ ಸಿಗುವಂಥವು. ಕೊಂಡ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಅರ್ಧ ದಿನವಾದರೂ ಬಿಟ್ಟು ತೆರೆಯಿರಿ. ಕರಾವಳಿಯ ಮಳೆಗಾಲದಲ್ಲಿ ತಣ್ಣನೆಯ ಪೆಟ್ಟಿಗೆ ತಕ್ಷಣ ತೆರೆದರೆ ಹಾಳೆಗಳು ಬೆವರಿ ಒಂದಕ್ಕೊಂದು ಅಂಟುತ್ತವೆ.

ನನ್ನ ಕೆಂಪು ಬಲ್ಬು ಸುರಕ್ಷಿತವೇ?

ಅಂಗಡಿಯ ಕೆಂಪು ಬಣ್ಣ ಬಳಿದ ಬಲ್ಬನ್ನು ನಂಬಬೇಡಿ. ಒಂದು ತುಂಡು ಕಾಗದಕ್ಕೆ ಎನ್‌ಲಾರ್ಜರಿನಲ್ಲಿ ತಿಳಿ ಬೂದಿ ಬರುವಷ್ಟು ಬೆಳಕು ಕೊಟ್ಟು, ಅದರ ಮೇಲೆ ನಾಣ್ಯವಿಟ್ಟು, ಸೇಫ್‌ಲೈಟಿನ ಕೆಳಗೆ 5 ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ಬಲ್ಬು ಬದಲಿಸಿ. ಬೆಳಕು ಕೊಡದ ಕಾಗದದ ಮೇಲೆ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ: ಬಿಳಿಯಲ್ಲಿ ಕಾಣದ ಫಾಗ್ ಬೂದಿಯಲ್ಲಿ ಕಾಣುತ್ತದೆ.

ಏಪ್ರಿಲ್‌ನಲ್ಲಿ ನಲ್ಲಿ ನೀರೇ 30 ಡಿಗ್ರಿ. 20 ಡಿಗ್ರಿ ಎಲ್ಲಿಂದ ತರಲಿ?

ತರಬೇಕಾಗಿಲ್ಲ. ಚಿತ್ರದ ಮೊದಲ ಸುಳಿವು ಎಷ್ಟು ಸೆಕೆಂಡಿಗೆ ಕಾಣುತ್ತದೆ ನೋಡಿ. 20 ಡಿಗ್ರಿಯಲ್ಲಿ 20 ಸೆಕೆಂಡಿಗೆ ಕಂಡು 2 ನಿಮಿಷ ಬೇಕಾಗುತ್ತಿದ್ದರೆ ಗುಣಕ 6. ಬೇಸಿಗೆಯಲ್ಲಿ 14 ಸೆಕೆಂಡಿಗೆ ಕಂಡರೆ 84 ಸೆಕೆಂಡು ಸಾಕು. ನೀರು 30 ದಾಟಿದರೆ ಮಾತ್ರ ಟ್ರೇಯನ್ನು ಐಸ್ ನೀರಿನ ಬೇಸಿನ್ನಿನಲ್ಲಿ ಕೂರಿಸಿ. ಜಿಲೆಟಿನ್ ಮೆತ್ತಗಾದಾಗ ಇಕ್ಕಳ ತಾಗಿದರೂ ಗೀರು ಬೀಳುತ್ತದೆ.

ಟೋನಿಂಗ್ ಯಾಕೆ? ಅಜ್ಜನ ಕಾಲದ ಫೋಟೋ ತಾನಾಗಿಯೇ ಕಂದಾಗಿದೆಯಲ್ಲ?

ಅದು ಬಹಳ ಮಟ್ಟಿಗೆ ರೋಗ. ಹೈಪೋ ಸರಿಯಾಗಿ ತೊಳೆಯದೆ ಉಳಿದರೆ ಬೆಳ್ಳಿಯನ್ನು ನಿಧಾನವಾಗಿ ತಿನ್ನುತ್ತದೆ. ಮದುವೆ ಸೀಸನ್ನಿನಲ್ಲಿ ಒಂದೇ ಬಕೆಟ್ ನೀರಿನಲ್ಲಿ ನೂರು ಪ್ರಿಂಟ್ ಅದ್ದಿ ತೆಗೆದರೆ ಇನ್ನೇನಾಗುತ್ತದೆ? ಅಂಥ ಚಿತ್ರದಲ್ಲಿ ಹಳದಿ ತೇಪೆ ತೇಪೆಯಾಗಿರುತ್ತದೆ, ಬಿಳಿಯೂ ಮಂಕಾಗಿರುತ್ತದೆ, ಮುಖದ ನಯ ಅಳಿಸಿಹೋಗಿರುತ್ತದೆ. ಟೋನ್ ಮಾಡಿದ ಸೀಪಿಯಾದಲ್ಲಿ ಬಿಳಿ ಬಿಳಿಯಾಗಿಯೇ ಇದ್ದು, ಕಂದು ಒಂದೇ ಸಮ ಹರಡಿರುತ್ತದೆ. ಅಲ್ಲಿ ಬೆಳ್ಳಿಯು ಸಿಲ್ವರ್ ಸಲ್ಫೈಡ್ ಆಗಿ ಬದಲಾಗಿದೆ; ಗಾಳಿಯ ಗಂಧಕಕ್ಕೆ ಅಲ್ಲಿ ಕೆಡಿಸಲು ಇನ್ನೇನೂ ಉಳಿದಿಲ್ಲ. ಬಣ್ಣ ಮತ್ತು ಬಾಳಿಕೆ ಎರಡೂ ಒಂದೇ ಕ್ರಿಯೆಯಿಂದ ಸಿಗುತ್ತವೆ.

ಮನೆಯಲ್ಲೇ ಸೀಪಿಯಾ ಮಾಡುವುದು ಹೇಗೆ?

ಎರಡು ಹಂತ. ಮೊದಲು ಬ್ಲೀಚ್: ಪೊಟ್ಯಾಸಿಯಂ ಫೆರಿಸಯನೈಡ್ 100 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 100 ಗ್ರಾಂ, ನೀರು 1 ಲೀಟರ್. ಬಳಸುವಾಗ ಇದರ 1 ಭಾಗಕ್ಕೆ 9 ಭಾಗ ನೀರು. ಚೆನ್ನಾಗಿ ತೊಳೆದ ಪ್ರಿಂಟನ್ನು ಇದರಲ್ಲಿ ಅದ್ದಿದರೆ ಚಿತ್ರ ತಿಳಿ ಭಾಗದಿಂದ ಶುರುವಾಗಿ ಮಾಯವಾಗುತ್ತಾ ಬರುತ್ತದೆ. ಗಾಬರಿ ಬೇಡ. ನೀರಿನಲ್ಲಿ ಹಳದಿ ಬರುವುದು ನಿಲ್ಲುವವರೆಗೆ ತೊಳೆದು ಟೋನರಿಗೆ ಹಾಕಿ.

ಟೋನರ್ ಎರಡು ಬಗೆ. ಸೋಡಿಯಂ ಸಲ್ಫೈಡ್ ಹಳೆಯದು, ಕೊಳೆತ ಮೊಟ್ಟೆಯ ನಾತ. ಅದರ ಆವಿ ಪಕ್ಕದಲ್ಲಿಟ್ಟ ಕಾಗದ, ಫಿಲ್ಮಿಗೂ ಫಾಗ್ ಹಿಡಿಸುತ್ತದೆ. ನಾನು ಒಮ್ಮೆ ಬಚ್ಚಲುಮನೆಯಲ್ಲಿ ಮಾಡಿ ಮಹಡಿಯ ಬಾಡಿಗೆದಾರರು ಗ್ಯಾಸ್ ಸೋರುತ್ತಿದೆ ಎಂದು ಓಡಿ ಬಂದಿದ್ದರು. ಮನೆಗೆ ಥಯೋಯೂರಿಯಾ ಸೂಕ್ತ. ಲೀಟರಿಗೆ 100 ಗ್ರಾಂ ಥಯೋಯೂರಿಯಾ ಒಂದು ಬಾಟಲಿ, ಲೀಟರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ ಇನ್ನೊಂದು. ಎರಡನ್ನೂ ಐವತ್ತೈವತ್ತು ಮಿಲಿಲೀಟರ್ ಅರ್ಧ ಲೀಟರ್ ನೀರಿಗೆ ಬೆರೆಸಿ. ಕಾಸ್ಟಿಕ್ ಹೆಚ್ಚಿಸಿದರೆ ತಣ್ಣನೆಯ ಕಡುಗಂದು, ಥಯೋಯೂರಿಯಾ ಹೆಚ್ಚಿಸಿದರೆ ಹಳದಿಗಂದು. ಇಲ್ಲೂ ಕಾಗದ ತನ್ನ ಮಾತು ಹೇಳುತ್ತದೆ: ಅದೇ ದ್ರಾವಣದಲ್ಲಿ ವಾರ್ಮ್‌ಟೋನ್ ಜೋನಿಬೆಲ್ಲದ ಬಣ್ಣಕ್ಕೆ ಹೋದರೆ, ಬ್ರೋಮೈಡ್ ಕಾಗದ ಕಾಫಿ ಡಿಕಾಕ್ಷನ್ನಿನಲ್ಲಿ ನಿಲ್ಲುತ್ತದೆ. ಸೀಪಿಯಾದಲ್ಲಿ ಕಪ್ಪು ಸ್ವಲ್ಪ ಸೊರಗುತ್ತದೆ, ಆದ್ದರಿಂದ ಮೂಲ ಪ್ರಿಂಟನ್ನು ಚೂರು ಗಾಢವಾಗಿಯೇ ತೆಗೆಯಿರಿ.

ಎಚ್ಚರಿಕೆಗಳನ್ನು ಓದದೆ ಮುಂದೆ ಹೋಗಬೇಡಿ. ಕಾಸ್ಟಿಕ್ ಸೋಡಾವನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಥಯೋಯೂರಿಯಾ ಪುಡಿಯನ್ನು ಉಸಿರಾಡಬಾರದು, ಬರಿಗೈಯಲ್ಲಿ ಮುಟ್ಟಬಾರದು. ಫೆರಿಸಯನೈಡಿಗಾಗಲಿ ಸಲ್ಫೈಡಿಗಾಗಲಿ ಆಮ್ಲ ತಾಗಿದರೆ ವಿಷಾನಿಲ ಹೊರಡಬಹುದು. ಹಾಗಾಗಿ ಆಮ್ಲವಿರುವ ಸ್ಟಾಪ್ ಬಾತ್ (ಡೆವಲಪರ್‌ನ ಕೆಲಸ ನಿಲ್ಲಿಸುವ ದ್ರಾವಣ) ಟ್ರೇಯನ್ನು ಮೊದಲು ಹೊರಗೆ ಸಾಗಿಸಿ. ಅಡುಗೆಮನೆಯ ಒಂದು ಚಮಚವೂ ಈ ಕೆಲಸಕ್ಕೆ ಬರಬಾರದು.

ಸೆಲೆನಿಯಂ ಹೇಗೆ ಬಳಸುವುದು? ಎಲ್ಲಿ ನಿಲ್ಲಿಸುವುದು?

ಕೈಗವಸು ಹಾಕಿ, ಕಿಟಕಿ ತೆರೆದು. ಸೆಲೆನಿಯಂ ವಿಷ, ಜೊತೆಗೆ ಬಾಟಲಿಯಿಂದ ಅಮೋನಿಯ ಮೂಗಿಗೆ ಹೊಡೆಯುತ್ತದೆ. ಕಪ್ಪನ್ನು ಆಳವಾಗಿಸಲು 1ಕ್ಕೆ 19 ನೀರು, ಬಣ್ಣ ಬೇಕಾದರೆ 1ಕ್ಕೆ 9 ಅಥವಾ ಇನ್ನೂ ಗಾಢ. ಕತ್ತಲೆ ಬೇಡ, ಒಳ್ಳೆಯ ಬೆಳಕು ಬೇಕು.

ಎಲ್ಲಿ ನಿಲ್ಲಿಸುವುದು ಎಂಬುದಕ್ಕೆ ಒಂದು ಪ್ರಿಂಟ್ ಹೇಳುತ್ತೇನೆ. ಅಡಿಕೆ ಒಣಹಾಕಿದ ಅಂಗಳ, ಬಾಗಿಲ ಹೊಸ್ತಿಲಲ್ಲಿ ಕುಳಿತ ನಮ್ಮ ಅಜ್ಜಿ, ಹಿಂದೆ ಕತ್ತಲ ನಡುಮನೆ. ವಾರ್ಮ್‌ಟೋನ್ ಫೈಬರ್, 1ಕ್ಕೆ 9. ಟೋನ್ ಮಾಡದ ಇನ್ನೊಂದು ಪ್ರತಿಯನ್ನು ಪಕ್ಕದ ನೀರಿನ ಟ್ರೇಯಲ್ಲಿ ಇಟ್ಟಿದ್ದೆ. ಇದಿಲ್ಲದೆ ಕಣ್ಣು ಮೋಸ ಮಾಡುತ್ತದೆ. ಮೊದಲೆರಡು ನಿಮಿಷ ಏನೂ ಇಲ್ಲ. ಆಮೇಲೆ ನಡುಮನೆಯ ಕತ್ತಲಿನಲ್ಲಿದ್ದ ಹಸಿರು ಛಾಯೆ ಹೋಯಿತು. ಸೆಲೆನಿಯಂ ಯಾವಾಗಲೂ ನೆರಳಿನಿಂದ ಶುರುಮಾಡುತ್ತದೆ. 3 ನಿಮಿಷಕ್ಕೆ ಹೊಸ್ತಿಲ ಕೆಳಗಿನ ಕಪ್ಪು ಎಷ್ಟು ಆಳವಾಯಿತೆಂದರೆ ಅಜ್ಜಿ ಒಂದಿಂಚು ಮುಂದೆ ಬಂದು ಕುಳಿತಂತೆ ಕಂಡಿತು. ಅಲ್ಲೇ ತೆಗೆಯಬೇಕಿತ್ತು. ಇನ್ನೊಂದಿಷ್ಟು ನೋಡೋಣ ಎಂದು ಬಿಟ್ಟೆ. 5 ನಿಮಿಷಕ್ಕೆ ಕೆಂಪು ಅಂಗಳಕ್ಕೆ ಹರಡಿ, ಬಿಳಿ ಸೀರೆಯ ನೆರಿಗೆಗೂ ಏರಿತು. ಟ್ರೇಯಿಂದ ತೆಗೆದ ಮೇಲೂ ಹೀರಿಕೊಂಡ ದ್ರಾವಣ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಬೇಕಾದ ಬಣ್ಣ ಬರುವ ಮೊದಲೇ ನೀರಿಗೆ ಹಾಕಿ.

ಸೀಪಿಯಾ, ಸೆಲೆನಿಯಂ ಎರಡನ್ನೂ ಮಾಡಬಹುದೇ?

ಮಾಡಬಹುದು, ಅತ್ಯಂತ ಚೆಲುವಾದದ್ದು ಅದೇ. ಬ್ಲೀಚ್ ತಿಳಿ ಭಾಗದಿಂದ ತಿನ್ನುತ್ತದೆ, ಸೆಲೆನಿಯಂ ನೆರಳಿನಿಂದ. ಬ್ಲೀಚನ್ನು ಇನ್ನೂ ತೆಳು ಮಾಡಿ ಹತ್ತಿಪ್ಪತ್ತು ಸೆಕೆಂಡಿಗೆ ತೆಗೆದು ಸೀಪಿಯಾ ಮಾಡಿ, ತೊಳೆದು, ಸೆಲೆನಿಯಂಗೆ ಹಾಕಿ. ಬಿಳಿಯ ಹತ್ತಿರ ಕೆನೆ, ನೆರಳಿನಲ್ಲಿ ತಣ್ಣನೆಯ ಕಪ್ಪು. ಬಾಳಿಕೆಯ ಲೆಕ್ಕದಲ್ಲೂ ಇದು ಜಾಣತನ: ತೆಳು ಸೆಲೆನಿಯಂ ಮುಟ್ಟದೆ ಬಿಡುವ ತಿಳಿ ಭಾಗವನ್ನು ಸಲ್ಫೈಡ್ ಕಾಯುತ್ತದೆ.

ನೀಲಿ ಟೋನರ್? ಚಿನ್ನ?

ಕಬ್ಬಿಣದ ನೀಲಿ ಟೋನರ್ ಕ್ಷಾರಕ್ಕೆ ಹೆದರುತ್ತದೆ. ಕ್ಷಾರವಿರುವ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕಣ್ಣೆದುರೇ ನೀಲಿ ಇಳಿದುಹೋಗುತ್ತದೆ. ನೀರಿಗೆ ಕೆಲವು ಹನಿ ವಿನೆಗರ್ ಹಾಕಿ, ಬಿಳಿ ಭಾಗ ತಿಳಿಯಾದೊಡನೆ ನಿಲ್ಲಿಸಿ. ಬಾಳಿಕೆಗೆ ಇದನ್ನು ನೆಚ್ಚಬೇಡಿ. ಚಿನ್ನದ ಟೋನರ್ ಬರೀ ಪ್ರಿಂಟಿಗೆ ನೀಲಿಗಪ್ಪು, ಸೀಪಿಯಾ ಮಾಡಿದ ಪ್ರಿಂಟಿಗೆ ಕೆಂಗಿತ್ತಳೆ ಕೊಡುತ್ತದೆ. ದುಬಾರಿ. ಹೆಸರೇ ಹೇಳುತ್ತದೆ.

ಟೋನ್ ಮಾಡಿದ ಮೇಲೆ ಬಿಳಿ ಅಂಚಿನಲ್ಲಿ ಹಳದಿ ಕಲೆ ಬಂತು. ಟೋನರ್ ಕೆಟ್ಟಿದೆಯೇ?

ಬಹುತೇಕ ನಿಮ್ಮ ಫಿಕ್ಸರ್ ದಣಿದಿತ್ತು, ಅಥವಾ ತೊಳೆದದ್ದು ಸಾಲದು. ಕಾಗದದಲ್ಲಿ ಉಳಿದ ಬೆಳ್ಳಿಯ ಲವಣವನ್ನೂ ಟೋನರ್ ಬಣ್ಣಕ್ಕೆ ತಿರುಗಿಸಿದೆ. ಮುಂದಿನ ಸಲ ಮೊದಲೇ ಪರೀಕ್ಷಿಸಿ: ತೊಳೆದ ಪ್ರಿಂಟಿನ ಅಂಚಿನಲ್ಲಿ ನೀರು ಒತ್ತಿ ತೆಗೆದು, 1ಕ್ಕೆ 9ರ ಸೆಲೆನಿಯಂನ ಒಂದು ಹನಿ ಇಟ್ಟು 2-3 ನಿಮಿಷ ಬಿಟ್ಟು ಒರೆಸಿ. ಗುರುತು ಉಳಿದರೆ ಹೊಸ ಫಿಕ್ಸರ್‌ನಲ್ಲಿ ಮತ್ತೆ ಅದ್ದಿ ತೊಳೆಯಿರಿ. ಬಂದ ಕಲೆ ಮಾತ್ರ ಹೋಗುವುದಿಲ್ಲ.

ಮುಗಿದ ದ್ರಾವಣಗಳನ್ನು ಎಲ್ಲಿ ಚೆಲ್ಲಲಿ?

ಸೆಲೆನಿಯಂ ಚೆಲ್ಲಬೇಡಿ, ಸೋಸಿ ಬಾಟಲಿಗೆ ಹಾಕಿಟ್ಟು, ಶಕ್ತಿ ಕುಂದಿದಾಗ ಹೊಸದನ್ನು ಬೆರೆಸುತ್ತಾ ವರ್ಷಗಟ್ಟಲೆ ಬಳಸಬಹುದು. ಹಳೆಯ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಕ್ಯಾನಿನಲ್ಲಿ ಕೂಡಿಟ್ಟು, ಎಕ್ಸ್-ರೇ ಘಟಕಗಳ ಫಿಕ್ಸರ್ ಕೊಳ್ಳುವ ಬೆಳ್ಳಿ ತೆಗೆಯುವವರಿಗೆ ಕೊಡಿ. ಬಾವಿಯ ಹತ್ತಿರ, ಸೆಪ್ಟಿಕ್ ಗುಂಡಿಗೆ, ತೋಟಕ್ಕೆ ಯಾವುದೂ ಬೇಡ.

ಒಳ್ಳೆಯ ಹಾಳೆಗಳನ್ನು ಹಾಳುಮಾಡದೆ ಟೋನಿಂಗ್ ಕಲಿಯುವುದು ಹೇಗೆ?

ಟೆಸ್ಟ್ ಸ್ಟ್ರಿಪ್‌ಗಳನ್ನು (ಎಕ್ಸ್‌ಪೋಷರ್ ಪರೀಕ್ಷಿಸಿದ ಕಾಗದದ ಪಟ್ಟಿಗಳನ್ನು) ಎಸೆಯಬೇಡಿ. ಅವನ್ನೂ ಪೂರ್ತಿ ಫಿಕ್ಸ್ ಮಾಡಿ, ತೊಳೆದು, ಹಳೆಯ ಕಾಗದದ ಪೆಟ್ಟಿಗೆಯಲ್ಲಿ ಕೂಡಿಡಿ. ಒಂದು ಭಾನುವಾರ ಹಗಲಿನಲ್ಲಿ ಎಲ್ಲವನ್ನೂ ನೆನೆಸಿ ಒಂದೊಂದು ಟೋನರಿಗೆ ಒಂದೊಂದು ಪಟ್ಟಿ, ಒಂದೊಂದು ಹೊತ್ತಿಗೆ ಒಂದೊಂದು. ಟ್ರೇಯೊಳಗೆ ಯಾವುದು ಯಾವ ಕಾಗದ ಎಂದು ಗೊತ್ತಾಗಲು ಬರೆದ ಶಾಯಿಯನ್ನು ನಂಬಬೇಡಿ, ಕರಗುತ್ತದೆ. ನಾನು ಕತ್ತರಿಯಿಂದ ಮೂಲೆ ಕತ್ತರಿಸುತ್ತೇನೆ: ಒಂದು ಮೂಲೆ ಇಲ್ಲದ್ದು ನ್ಯೂಟ್ರಲ್, ಎರಡು ಮೂಲೆ ಇಲ್ಲದ್ದು ವಾರ್ಮ್‌ಟೋನ್, ಅಂಚಿನಲ್ಲಿ ಇಲಿ ಕಚ್ಚಿದಂತೆ ಕಂಡರೆ ಅದು ಇಂದು.